ನಕಲಿನ ಪರವಾಗಿ ಒಂದು ವಕಾಲತ್ತು

ಅಸಲು, ನಕಲು ಎಂಬ ಎರಡು ಮಾತುಗಳು ಬಾಯಿಂದ ಹೊರಡುವಾಗಲೇ ತೀರ್ಪನ್ನೂ ಹೊತ್ತುಕೊಂಡು ಹೊರಡುತ್ತವೆ. ಅಸಲಿಗೆ ಮರ್ಯಾದೆ, ನಕಲಿಗೆ ತಾತ್ಸಾರ. ತುಪ್ಪದ ವಿಷಯದಲ್ಲಿ, ಔಷಧಿಯ ವಿಷಯದಲ್ಲಿ, ನೋಟಿನ ವಿಷಯದಲ್ಲಿ ಈ ತೀರ್ಪು ಸರಿಯೇ. ಆದರೆ ಮನುಷ್ಯ ಪ್ರೀತಿಯಿಂದ ಮನೆಯಲ್ಲಿಟ್ಟುಕೊಳ್ಳುವ ವಸ್ತುಗಳಿಗೂ ಇದೇ ನ್ಯಾಯ ಸಲ್ಲಬೇಕೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದ್ದು ಯಾವ ತತ್ವಶಾಸ್ತ್ರದ ಗ್ರಂಥವೂ ಅಲ್ಲ. ಅಂಗೈಯಲ್ಲಿ ಕೂರುವಷ್ಟು ಪುಟ್ಟದಾದ ಒಂದು ಪಿಂಗಾಣಿ ಕುದುರೆ.

ಆ ಕುದುರೆ ಇರುವುದು ಅಮೆರಿಕದ ಫಿಲಡೆಲ್ಫಿಯಾದ ಹತ್ತಿರ ನೆಲೆಸಿರುವ ನನ್ನ ಚಿಕ್ಕಪ್ಪನ ಮಗಳ ಮನೆಯಲ್ಲಿ. ಅವಳ ಗಾಜಿನ ಬೀರುವಿನಲ್ಲಿ ಕುದುರೆಯ ಜೊತೆಗೆ ಒಂಟೆ, ಆಡು, ಮೊಲ, ಸಿಂಹಗಳೂ ಇವೆ. ಪ್ರತಿಯೊಂದರ ಬೆನ್ನಿನಿಂದಲೂ ಹೊಂಬಣ್ಣದ ಒಂದು ಕಂಬಿ ಮೇಲೆದ್ದಿದೆ. ನಮ್ಮ ಜಾತ್ರೆಗಳಿಗೂ ಬರುವ ಮೆರಿಗೋರೌಂಡನ್ನು ಅಲ್ಲಿ ಕ್ಯಾರೊಸೆಲ್ ಎನ್ನುತ್ತಾರೆ. ನೂರು ವರ್ಷಗಳ ಹಿಂದೆ ಅಲ್ಲಿಯ ಕ್ಯಾರೊಸೆಲ್‌ಗಳಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಮರದ ಪ್ರಾಣಿಗಳ ಪ್ರತಿಕೃತಿಗಳು ಇವು. 1980ರ ದಶಕದಲ್ಲಿ ಲೆನಾಕ್ಸ್, ಫ್ರ್ಯಾಂಕ್ಲಿನ್ ಮಿಂಟ್ ಮುಂತಾದ ಸಂಸ್ಥೆಗಳು ಇಂಥವನ್ನು ಮಾಡಿ ಮಾರಿದವು. 1988ರಲ್ಲಿ ಅಮೆರಿಕದ ಅಂಚೆ ಇಲಾಖೆ ಜಿಂಕೆ, ಕುದುರೆ, ಒಂಟೆ, ಆಡುಗಳ ಚಿತ್ರವಿರುವ ನಾಲ್ಕು ಅಂಚೆಚೀಟಿಗಳನ್ನೇ ಹೊರತಂದಿತು. ಅಂಥ ಹುಚ್ಚಿನ ಕಾಲ ಅದು.

ನಾನಿದ್ದಾಗ ಅವಳ ಮನೆಗೆ ಪರಿಚಿತರೊಬ್ಬರು ಬಂದರು. ಹಳೆಯ ವಸ್ತುಗಳ ಬೆಲೆ ಬಲ್ಲವರು. ಬೀರುವಿನ ಮುಂದೆ ನಿಂತು, "ಚೆನ್ನಾಗಿವೆ. ಆದರೆ ನಕಲು ನೋಡಿ. ನಮ್ಮ ಮನೆಯಲ್ಲಿ ಅಸಲು ಕುದುರೆಯೇ ಒಂದಿದೆ" ಎಂದರು. ಅವಳ ಮುಖ ಸಣ್ಣಗಾಯಿತು. ಏನೂ ಹೇಳದೆ ಕಾಫಿ ತರಲು ಒಳಗೆ ಹೋದಳು. ಅವಳು ಕೊಡಬಹುದಾಗಿದ್ದ ಉತ್ತರ ಯಾವುದೆಂದು ಆಮೇಲೆ ನಾನು ಬಹಳ ಯೋಚಿಸಿದ್ದೇನೆ.

ಮೊದಲು ಆ ಅಸಲಿನ ಕಥೆ ಕೇಳಿ. ಅಮೆರಿಕದಲ್ಲಿ ಈ ಕಸುಬನ್ನು ಬೆಳೆಸಿದವರು ಬಹುಪಾಲು ವಲಸೆ ಬಂದವರು. ಫಿಲಡೆಲ್ಫಿಯಾದಲ್ಲಿ ಜರ್ಮನಿಯಿಂದ ಬಂದ ಗುಸ್ತಾವ್ ಡೆಂಟ್ಸೆಲ್. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1876ರಲ್ಲಿ ಮೊದಲ ಕ್ಯಾರೊಸೆಲ್ ನಿಲ್ಲಿಸಿದ ಚಾರ್ಲ್ಸ್ ಲೂಫ್. ಪೂರ್ವ ಯುರೋಪಿನಿಂದ ಬಂದ ಯಹೂದಿ ಕುಶಲಕರ್ಮಿಗಳಲ್ಲಿ ಕೆಲವರು ತಮ್ಮ ಪ್ರಾರ್ಥನಾ ಮಂದಿರಗಳಿಗೆ ಸಿಂಹ ಕೆತ್ತಿದ ಕೈಯಿಂದಲೇ ಕೋನಿ ಐಲ್ಯಾಂಡಿನ ಕುದುರೆಗಳನ್ನೂ ಕೆತ್ತಿದರು. ಹಲಗೆಗಳನ್ನು ಅಂಟಿಸಿ, ಒಡಲು ಪೊಳ್ಳಾಗಿರುವಂತೆ ಕಟ್ಟಿ, ನುರಿತವನು ತಲೆಯನ್ನೂ ಉಳಿದವರು ಮೈಕಾಲುಗಳನ್ನೂ ಕೆತ್ತುತ್ತಿದ್ದರು. ಗಾಜಿನ ಕಣ್ಣು, ಎಷ್ಟೋ ಸಲ ನಿಜವಾದ ಕುದುರೆ ಕೂದಲಿನ ಬಾಲ. ಹೆಸರು ಕೆತ್ತಿಕೊಂಡವರು ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಮೆರಿಕದ ಕ್ಯಾರೊಸೆಲ್‌ಗಳು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತವೆ. ಹಾಗಾಗಿ ಹೊರಗೆ ನಿಂತವರಿಗೆ ಕಾಣುವುದು ಪ್ರಾಣಿಯ ಬಲಮಗ್ಗುಲು. ಕೆತ್ತನೆಯ ಬೆಡಗೆಲ್ಲ ಆ ಮಗ್ಗುಲಿಗೆ, ಎಡಮಗ್ಗುಲು ಸಾದಾ. ಹೊರಸಾಲಿನ ಕುದುರೆಗಳು ದೊಡ್ಡವು, ಅಲಂಕೃತ; ಒಳಸಾಲಿನವು ಚಿಕ್ಕವು, ಸರಳ. ಎಂದರೆ ಆ ಕುದುರೆಯನ್ನು ಒಂಟಿಯಾಗಿ ನಿಲ್ಲಲೆಂದು ಯಾರೂ ಮಾಡಿರಲಿಲ್ಲ. ಅದು ಒಂದು ಸುತ್ತಿನ ಅಂಗ. ಸಂಗೀತ, ದೀಪ, ಪಕ್ಕದ ಕುದುರೆ, ಬೆನ್ನ ಮೇಲೆ ಕಿರುಚುವ ಮಗು, ಇವೆಲ್ಲ ಸೇರಿದಾಗಲೇ ಅದು ಪೂರ್ಣ. ಒಳಸಾಲಿನ ಬಡಕಲು ಕುದುರೆ ಸಿಕ್ಕ ಮಗುವಿಗೂ ಹೊರಸಾಲಿನವನಷ್ಟೇ ಸುತ್ತು ಸಿಗುತ್ತಿತ್ತು.

1929ರ ನಂತರದ ಆರ್ಥಿಕ ಕುಸಿತದಲ್ಲಿ ಈ ಕಸುಬು ಬಹುಮಟ್ಟಿಗೆ ನಿಂತಿತು. ಉದ್ಯಾನಗಳು ಮುಚ್ಚಿದವು, ಕುದುರೆಗಳು ಕೊಟ್ಟಿಗೆ ಸೇರಿದವು. 1964ರಲ್ಲಿ ಫ್ರೆಡರಿಕ್ ಫ್ರೀಡ್ ಕ್ಯಾರೊಸೆಲ್‌ಗಳ ಸಚಿತ್ರ ಇತಿಹಾಸ ಪ್ರಕಟಿಸಿದರು. ಆ ನಂತರದ ದಶಕಗಳಲ್ಲಿ, ಆಟದ ಸಾಮಾನು ಎನಿಸಿಕೊಂಡಿದ್ದದ್ದು ಜನಪದ ಕಲೆ ಎನಿಸಿಕೊಂಡಿತು. ಕಲೆ ಎಂದ ಮೇಲೆ ಬೆಲೆ ಬರಲೇಬೇಕಲ್ಲ! ಇಡಿಯಾಗಿ ಮಾರುವುದಕ್ಕಿಂತ ಬಿಡಿಯಾಗಿ ಮಾರಿದರೆ ಹೆಚ್ಚು ಹಣ ಎಂಬುದು ಮಾಲೀಕರಿಗೆ ತಿಳಿಯಿತು. ಒಂದೊಂದೇ ಕ್ಯಾರೊಸೆಲ್ ಹರಾಜುಕಟ್ಟೆಯಲ್ಲಿ ಕುದುರೆ ಕುದುರೆಯಾಗಿ ಹಂಚಿಹೋಯಿತು. ಕೆಲವು ಕಡೆ ಮರದ ಕುದುರೆಗಳನ್ನು ಮಾರಿ, ಆ ಜಾಗದಲ್ಲಿ ಫೈಬರ್‌ಗ್ಲಾಸಿನವನ್ನು ನಿಲ್ಲಿಸಿದರು. ಹಾಗಾದಲ್ಲಿ ಮಕ್ಕಳು ಸವಾರಿ ಮಾಡುವುದು ನಕಲಿನ ಮೇಲೆ. ಅಸಲು ಯಾರದೋ ದಿವಾನಖಾನೆಯಲ್ಲಿ ಬಲಮಗ್ಗುಲು ತೋರಿಸಿಕೊಂಡು ನಿಂತಿದೆ. ಈಗ ಹೇಳಿ, ಕ್ಯಾರೊಸೆಲ್ ಇರುವುದು ಯಾರ ಬಳಿ?

ಈ ದೃಷ್ಟಿಯಿಂದ ನೋಡಿದರೆ ಆ ಅತಿಥಿಗಳ ಮಾತಿನ ಬಣ್ಣ ಬದಲಾಗುತ್ತದೆ. ಬಿಡಿಬಿಡಿಯಾಗಿ ಹಂಚಿಹೋದ ಪ್ರತಿಯೊಂದು ಅಸಲು ಕುದುರೆಯ ಹಿಂದೆಯೂ ತಿರುಗದೆ ಉಳಿದ ಒಂದು ಸುತ್ತು ಇದೆ. ನನ್ನ ತಂಗಿಯ ಪಿಂಗಾಣಿ ಕುದುರೆಗಾಗಿ ಯಾವ ಕ್ಯಾರೊಸೆಲ್ಲೂ ಮುರಿಯಲಿಲ್ಲ, ಯಾವ ಮಗುವೂ ಕೆಳಗಿಳಿಯಲಿಲ್ಲ. ನಕಲು ಇಲ್ಲಿ ಕಳ್ಳನಲ್ಲ. ಇದ್ದದ್ದನ್ನು ಇದ್ದಲ್ಲೇ ಬಿಟ್ಟು, ಅದರ ನೆನಪನ್ನು ಮಾತ್ರ ಕೇಳಿಕೊಂಡು ಬಂದದ್ದು.

ಸಂಗ್ರಾಹಕರ ಪರವಾಗಿಯೂ ಹೇಳಬೇಕಾದದ್ದಿದೆ. ಗೆದ್ದಲಿಗೆ, ಮಳೆಗೆ, ಬೆಂಕಿಗೆ ಹೋಗಬೇಕಾಗಿದ್ದ ಎಷ್ಟೋ ಪ್ರಾಣಿಗಳನ್ನು ಉಳಿಸಿದವರು ಅವರೇ. ಮುಚ್ಚಿಹೋದ ಉದ್ಯಾನದ ಕುದುರೆಯನ್ನು ಕೊಂಡವನನ್ನು ಕಟುಕನೆನ್ನುವುದು ಅನ್ಯಾಯ. ಆದರೆ ಒಂದನ್ನು ಉಳಿಸುವುದು ಬೇರೆ, ಅದರಲ್ಲಿ ತನಗೆ ಬೇಕಾದ ತುಂಡನ್ನು ಆರಿಸಿಕೊಳ್ಳುವುದು ಬೇರೆ. ಆರಿಸುವ ಪ್ರೀತಿಗೆ ಹೊರಸಾಲಿನ ಕುದುರೆ ಬೇಕು, ಒಳಸಾಲಿನದು ಬೇಡ. ಇಡಿಯಾಗಿ ಪ್ರೀತಿಸುವವರೂ ಇದ್ದಾರೆನ್ನಿ. ಓಹಿಯೊದ ಯಂಗ್ಸ್‌ಟೌನ್‌ನಲ್ಲಿ ಐಡೋರಾ ಪಾರ್ಕ್ 1984ರಲ್ಲಿ ಬೆಂಕಿಬಿದ್ದು ಮುಚ್ಚಿದಾಗ, ಅಲ್ಲಿಯ 1922ರ ಕ್ಯಾರೊಸೆಲ್ಲನ್ನು ನ್ಯೂಯಾರ್ಕಿನ ವಾಲೆಂಟಾಸ್ ದಂಪತಿಗಳು ಹರಾಜಿನಲ್ಲಿ ಇಡಿಯಾಗಿ ಕೊಂಡರು. ಅದರ 48 ಕುದುರೆಗಳ ಹಳೆಯ ಬಣ್ಣವನ್ನು ವರ್ಷಗಟ್ಟಲೆ ಕೆರೆದು ಸರಿಪಡಿಸಲಾಯಿತು. 2011ರಲ್ಲಿ ಅದು ಬ್ರೂಕ್ಲಿನ್ನಿನ ನದಿದಂಡೆಯಲ್ಲಿ ಮತ್ತೆ ತಿರುಗತೊಡಗಿತು. ಯಂಗ್ಸ್‌ಟೌನಿನ ಮಕ್ಕಳಿಗೆ ಅದು ಸಿಗಲಿಲ್ಲ, ನಿಜ. ಆದರೆ ಮಕ್ಕಳಿಗೆ ಸಿಕ್ಕಿತು.

ಹಾಗೆಂದು ನಕಲು ಸಂಪೂರ್ಣ ಸಾಧು ಎಂದು ನಾನು ವಾದಿಸಲಾರೆ. ಅದಕ್ಕೂ ಒಂದು ಚಾಳಿ ಅಂಟಿಕೊಳ್ಳುತ್ತದೆ. ಇಂಥ ಪ್ರತಿಕೃತಿಗಳಲ್ಲಿ ಹಲವನ್ನು 'ಲಿಮಿಟೆಡ್ ಎಡಿಷನ್' ಎಂದು ಮಾರುತ್ತಾರೆ. ಅಡಿಯಲ್ಲಿ ಒಂದು ಸಂಖ್ಯೆ, ಜೊತೆಗೆ ಒಂದು ಪ್ರಮಾಣಪತ್ರ. ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದಾದ್ದನ್ನು ಬೇಕೆಂದೇ ನಿಲ್ಲಿಸಿ, ಇಲ್ಲದ ಅಭಾವವನ್ನು ಹುಟ್ಟಿಸುವುದು. ನಕಲು ತಾನು ನಕಲೆಂದು ಒಪ್ಪಿಕೊಂಡು ನಗುನಗುತ್ತಾ ಇರುವಷ್ಟು ಹೊತ್ತು ನಿರ್ದೋಷಿ. ಅಸಲಿನ ಗತ್ತನ್ನು ಕಲಿತು, ಬೀಗ ಹಾಕಿಸಿಕೊಂಡು, ಮುಟ್ಟಬೇಡಿ ಎಂದ ಕೂಡಲೇ ಅಸಲು ಮಾಡಿದ ತಪ್ಪನ್ನೇ ಅದೂ ಮಾಡುತ್ತದೆ. ನನ್ನ ತಂಗಿಯ ಬೀರುವಿನ ಆಡಿಗೆ ಒಂದು ಕೊಂಬು ಅಂಟು ಹಾಕಿದ್ದು. ಮೊಮ್ಮಗಳು ಕೇಳಿದಳೆಂದು ಆಡಲು ಕೊಟ್ಟಿದ್ದಳಂತೆ, ಬಿದ್ದು ಮುರಿಯಿತು. ಪೇಟೆಯ ಲೆಕ್ಕದಲ್ಲಿ ಅದಕ್ಕೆ ಈಗ ಬೆಲೆ ಇಲ್ಲ. ನನಗೆ ಮಾತ್ರ ಆ ಸಾಲಿನಲ್ಲಿ ತನ್ನ ಕುಲಧರ್ಮ ಪಾಲಿಸಿದ ಪ್ರಾಣಿ ಅದೊಂದೇ ಎನಿಸಿತು.

ಆದ್ದರಿಂದ ವಸ್ತುವೊಂದನ್ನು ನೋಡಿದಾಗ ಇದು ಅಸಲೋ ನಕಲೋ ಎಂದು ಕೇಳುವ ಮೊದಲು ಬೇರೊಂದು ಪ್ರಶ್ನೆ ಕೇಳಬೇಕೆಂದು ನನಗನ್ನಿಸುತ್ತದೆ: ಇದು ಇಲ್ಲಿಗೆ ಬರಲು ಎಲ್ಲಿ ಏನು ಬರಿದಾಯಿತು? ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಓಕ್ ಬ್ಲಫ್ಸ್ ಊರಿನಲ್ಲಿ 1876ರಲ್ಲಿ ತಯಾರಾದ ಒಂದು ಕ್ಯಾರೊಸೆಲ್ ಇದೆ. ಅದು ಬಿಡಿಬಿಡಿಯಾಗಿ ಸಂಗ್ರಾಹಕರ ಪಾಲಾಗಬಾರದೆಂದು 1986ರಲ್ಲಿ ಅಲ್ಲಿಯ ಸಂರಕ್ಷಣಾ ಟ್ರಸ್ಟ್ ಅದನ್ನು ಕೊಂಡಿತು. ಗಾಜಿನ ಕಣ್ಣಿನ ಆ 20 ಕುದುರೆಗಳು ಒಟ್ಟಿಗೇ ಉಳಿದವು. ಮಕ್ಕಳು ಅವುಗಳ ಬೆನ್ನೇರಿ, ಸುತ್ತು ಬರುವಾಗ ಕೈಚಾಚಿ ಉಂಗುರಗಳನ್ನು ಕಿತ್ತುಕೊಳ್ಳುತ್ತಾರೆ. ಹಿತ್ತಾಳೆಯ ಉಂಗುರ ಸಿಕ್ಕವರಿಗೆ ಇನ್ನೊಂದು ಸವಾರಿ ಪುಕ್ಕಟೆ.