ಸಿಕ್ಕಿಬಿದ್ದ ಗೂಢಚಾರರು

ಗ್ರಹಾಂ ಗ್ರೀನ್‌ನ ‘ಅವರ್ ಮ್ಯಾನ್ ಇನ್ ಹವಾನಾ’ (1958) ಓದಿ ನಗುತ್ತಿದ್ದಾಗ, ಆಲಂಕಾರಿನ ಕಡೆ ತಾಳಮದ್ದಳೆ ಕೇಳುತ್ತ ಬೆಳೆದ ನನಗೆ ರಾವಣನ ಬೇಹುಗಾರರು ನೆನಪಾದರು.

ಗ್ರೀನ್‌ನ ವರ್ಮೋಲ್ಡ್ ಹವಾನಾದಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವವನು. ಬೇಹುಗಾರಿಕೆಯ ಗಂಧವಿಲ್ಲ, ಮಗಳ ದುಬಾರಿ ಆಸೆಗಳಿಗೆ ದುಡ್ಡು ಬೇಕು. ಇಲ್ಲದ ಏಜೆಂಟರ ಹೆಸರಲ್ಲಿ ಸಂಬಳ ಪಡೆಯುತ್ತಾನೆ, ತನ್ನ ಅಂಗಡಿಯ ಯಂತ್ರದ ಬಿಡಿಭಾಗಗಳನ್ನು ಬರೆದು ಬೆಟ್ಟದೊಳಗಿನ ರಹಸ್ಯ ಆಯುಧವೆಂದು ಲಂಡನ್ನಿಗೆ ಕಳಿಸುತ್ತಾನೆ. ಲಂಡನ್ ನಂಬುತ್ತದೆ! ಸ್ವತಃ ಬ್ರಿಟಿಷ್ ಗುಪ್ತಚರನಾಗಿದ್ದ ಗ್ರೀನ್‌ಗೆ ಈ ನಂಬಿಕೆಯ ಪರಿಚಯವಿತ್ತು.

ಯುದ್ಧಕಾಂಡದ ಶುಕನೂ ಕೆಲಸಕ್ಕೆ ಬಾರದವನೇ. ಹಕ್ಕಿಯಾಗಿ ಹೋಗಿ ಕಪಿಗಳ ಕೈಗೆ ಸಿಕ್ಕಿದ. ಮತ್ತೆ ಸಾರಣನೊಡನೆ ಕಪಿವೇಷದಲ್ಲಿ ಹೋದ, ವಿಭೀಷಣ ಹಿಡಿದೇಬಿಟ್ಟ. ರಾಮ ನಕ್ಕು, ಸೇನೆಯನ್ನೆಲ್ಲ ನೋಡಿಕೊಂಡೇ ಹೋಗಿ ಎಂದ. ಇಬ್ಬರೂ ಮರಳಿ ಕಂಡದ್ದನ್ನು ಕಂಡಂತೆ ಹೇಳಿದರು: ಸೀತೆಯನ್ನು ಒಪ್ಪಿಸುವುದೇ ಮೇಲು. ಶತ್ರುವನ್ನು ಹೊಗಳಿದಿರೆಂದು ರಾವಣ ಬೈದು ಅಟ್ಟಿದ.

ಕೇಳಲು ಬಯಸಿದ್ದನ್ನೇ ಕೇಳುವ ಯಜಮಾನನಿಗೆ ಸುಳ್ಳು ಮಾರಿದರೆ ತಪ್ಪೇ? ಅರ್ಧ ಪುಸ್ತಕದವರೆಗೆ ನಾನು ವರ್ಮೋಲ್ಡ್‌ನ ಪಕ್ಷದಲ್ಲಿದ್ದೆ. ಕಳ್ಳನ ಮನೆಗೆ ಕನ್ನ ಹಾಕಿದ ಹಾಗೆ, ಯಾರಿಗೇನು ನಷ್ಟ? ಆದರೆ ಎದುರು ಪಾಳಯವೂ ಆ ಸುಳ್ಳನ್ನು ನಂಬಿತು. ಅವನ ಮುದಿ ಗೆಳೆಯ, ಡಾಕ್ಟರ್ ಹಾಸೆಲ್‌ಬಾಕರ್, ಗುಂಡಿಗೆ ಬಲಿಯಾದ. ಅಲ್ಲಿ ನನ್ನ ನಗು ನಿಂತಿತು. ಲಂಡನ್ನೋ, ತನ್ನ ಮರ್ಯಾದೆ ಉಳಿಸಿಕೊಳ್ಳಲು ವರ್ಮೋಲ್ಡ್‌ಗೆ ಪದಕ ಕೊಟ್ಟು, ಹೊಸ ಗೂಢಚಾರರಿಗೆ ಪಾಠ ಹೇಳುವ ಕೆಲಸಕ್ಕೆ ಇಟ್ಟುಕೊಂಡಿತು.

ರಾವಣನೂ ಸುಮ್ಮನಾಗಲಿಲ್ಲ. ಶಾರ್ದೂಲನೆಂಬ ಇನ್ನೊಬ್ಬನನ್ನು ಕಳಿಸಿದ. ಅವನೂ ಸಿಕ್ಕಿಬಿದ್ದು, ಕಪಿಗಳಿಂದ ಚೆನ್ನಾಗಿ ಒದೆ ತಿಂದು ಬಂದು, ಹೆಚ್ಚುಕಡಿಮೆ ಅದೇ ಮಾತು ಹೇಳಿದ.