ಕ್ರಿಯಾಫಲವು ಯಾರದು?

ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಮಕ್ಕಳ ಮುಂದಿನ ಜೀವನದ ವಿಚಾರವು ಪ್ರಸ್ತಾಪಕ್ಕೆ ಬಂದಾಗ ಆಡುವ ಮಾತುಗಳನ್ನು ಒಂದು ಸಂಜೆ ಕುಳಿತು ಬರೆದಿಟ್ಟುಕೊಂಡರೆ, ಅವುಗಳಲ್ಲಿ ಮುಖ್ಯವಾದವೆಲ್ಲವೂ ಇಂಗ್ಲಿಷು ಶಬ್ದಗಳೇ ಆಗಿರುವುದು ಕಂಡುಬರುವುದು. ಕೆರಿಯರ್, ಪ್ರಮೋಷನ್, ಗ್ರೋತ್, ಟ್ಯಾಲೆಂಟ್, ಆಂಬಿಷನ್, ಸಕ್ಸೆಸ್, ಪರ್ಸನಾಲಿಟಿ ಡೆವಲಪ್‌ಮೆಂಟ್ ಮೊದಲಾದುವು ಈಗ ಜಗಲಿಯ ಮೇಲೂ ಅಡುಗೆಮನೆಯಲ್ಲಿಯೂ ಸಲೀಸಾಗಿ ಓಡಾಡುತ್ತಿವೆ. ಇದಕ್ಕಾಗಿ ಮರುಗುವವರ ಪಂಕ್ತಿಯಲ್ಲಿ ನಾವು ಕುಳಿತವರಲ್ಲ. ನೌಕರಿ, ಚಾಕರಿ, ಹುದ್ದೆ, ಕಸುಬು ಎಂಬ ನಮ್ಮ ನಿತ್ಯದ ಮಾತುಗಳು ಪಾರಸಿ ಅರಬ್ಬಿಗಳಿಂದ ಬಂದುವಲ್ಲವೆ? ಅವುಗಳಿಂದ ಕನ್ನಡವೇನೂ ಕೆಟ್ಟುಹೋಗಲಿಲ್ಲ. ಆದರೆ ಒಂದು ಶಬ್ದವು ಮನೆಯೊಳಕ್ಕೆ ಬರುವಾಗ ಒಂಟಿಯಾಗಿ ಬರುವುದಿಲ್ಲ. ಯಾವುದು ಒಳ್ಳೆಯದು, ಯಾವುದಕ್ಕಾಗಿ ಬಾಳಬೇಕು ಎಂಬ ಒಂದು ನಿರ್ಣಯವನ್ನೂ ಕೈಹಿಡಿದು ಕರೆದುತರುವುದು. ಈ ಶಬ್ದಗಳನ್ನು ಕಲಿಯದ ಹುಡುಗ ಹುಡುಗಿಯರಿಗೆ ದೊಡ್ಡ ಸಂಸ್ಥೆಗಳ ಬಾಗಿಲು ತೆರೆಯುವುದಿಲ್ಲವೆಂಬುದು ನಿರ್ವಿವಾದವು. ಕಲಿತವರು ಆ ನಿರ್ಣಯವನ್ನೂ ಒಪ್ಪಲೇಬೇಕೆ ಎಂಬುದೇ ಇಲ್ಲಿ ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ.

ಕೆರಿಯರ್ ಎಂಬ ಶಬ್ದವನ್ನೇ ಮೊದಲು ತೆಗೆದುಕೊಳ್ಳೋಣ. ಇದರ ಮೂಲವು ಲ್ಯಾಟಿನ್ನಿನಲ್ಲಿ ಬಂಡಿಯನ್ನು ಹೇಳುವ ಶಬ್ದ. ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದಾಗ, ಅಂದರೆ 16ನೆಯ ಶತಮಾನದಲ್ಲಿ, ಇದಕ್ಕೆ ಕುದುರೆಗಳನ್ನು ಓಡಿಸುವ ಪಂದ್ಯದ ಹಾದಿಯೆಂದೂ, ಕುದುರೆಯ ನಾಗಾಲೋಟವೆಂದೂ ಅರ್ಥವಿದ್ದಿತು. ಒಬ್ಬ ಮನುಷ್ಯನ ಉದ್ಯೋಗಜೀವನದ ನಡೆ ಎಂಬ ಅರ್ಥವು ಕೂಡಿಕೊಂಡದ್ದು 19ನೆಯ ಶತಮಾನದ ಆರಂಭದ ಸುಮಾರಿಗೆ. ಇಂದಿಗೂ ಅದೇ ಶಬ್ದವನ್ನು ಕ್ರಿಯಾಪದವಾಗಿ ಪ್ರಯೋಗಿಸಿದರೆ ಹಿಡಿತವಿಲ್ಲದೆ ನುಗ್ಗುವುದು ಎಂದೇ ಅರ್ಥವಾಗುವುದು! ನಮ್ಮ ವೃತ್ತಿ ಎಂಬ ಶಬ್ದವಾದರೋ ವೃತ್ ಧಾತುವಿನಿಂದ ಹುಟ್ಟಿದುದು. ಇರುವುದು, ನಡೆಯುವುದು, ಸುತ್ತುವುದು ಎಂಬ ಅರ್ಥಗಳೆಲ್ಲವೂ ಅದರಲ್ಲಿ ಅಡಗಿವೆ. ಜೀವನೋಪಾಯಕ್ಕೂ ನಡತೆಗೂ ಅದು ಸಾಧಾರಣವಾದ ಹೆಸರು. ಒಂದರಲ್ಲಿ ಪಕ್ಕದವನನ್ನು ಹಿಂದೆ ಹಾಕುವ ಓಟ, ಇನ್ನೊಂದರಲ್ಲಿ ಬದುಕಿರುವಿಕೆ.

ಹೀಗೆಂದ ಮಾತ್ರಕ್ಕೆ ಇಂಗ್ಲಿಷಿನ ಶಬ್ದಗಳೆಲ್ಲವೂ ಲೋಭದವು, ನಮ್ಮವೆಲ್ಲವೂ ಧರ್ಮದವು ಎಂದು ತೀರ್ಪು ಕೊಡುವುದು ಅವಿವೇಕವಾದೀತು. ಆ ಜನರೂ ಈ ವಿಷಯದಲ್ಲಿ ಬಹುಕಾಲ ಚಿಂತಿಸಿದವರೇ. ಆಂಬಿಷನ್ ಎಂಬುದು ರೋಮಿನಲ್ಲಿ ಅಧಿಕಾರಸ್ಥಾನವನ್ನು ಬಯಸುವವನು ಮತಕ್ಕಾಗಿ ಬೀದಿಬೀದಿ ಸುತ್ತುವುದಕ್ಕೆ ಇದ್ದ ಹೆಸರಿನಿಂದ ಬಂದುದು. ಅದೇ ಕುಲದ ಇನ್ನೊಂದು ಶಬ್ದವು ಚುನಾವಣೆಯ ಲಂಚಕ್ಕೆ ಹೆಸರಾಗಿದ್ದಿತು. ಕ್ರಿಸ್ತಪೂರ್ವ 63ರಲ್ಲಿ ಸಿಸಿರೋ ಪಂಡಿತನು ಅಧಿಕಾರದಲ್ಲಿದ್ದಾಗ ಆ ಅಪರಾಧಕ್ಕೆ ಹತ್ತು ವರ್ಷಗಳ ಗಡೀಪಾರಿನ ಶಿಕ್ಷೆಯನ್ನು ವಿಧಿಸಿದನು. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಬ್ರೂಟಸನು ಸೀಸರನ ಕೊಲೆಗೆ ಕೊಡುವ ಸಮರ್ಥನೆಯು ಅವನಿಗೆ ಆಂಬಿಷನ್ ಇದ್ದಿತೆಂಬುದೇ. ಅಂದು ಕೊಲೆಗೆ ಕಾರಣವಾಗಬಲ್ಲ ದೋಷವಾಗಿದ್ದುದು ಇಂದು ಅರ್ಜಿಯಲ್ಲಿ ಬರೆದುಕೊಳ್ಳುವ ಗುಣವಾಗಿದೆ. ಸಕ್ಸೆಸ್ ಎಂಬುದಕ್ಕಾದರೂ ಹಿಂದೆ ಇದ್ದ ಅರ್ಥವು ಒಂದರ ಬಳಿಕ ಒದಗಿಬರುವುದು ಎಂದಷ್ಟೆ. ಅದು ಒಳ್ಳೆಯದೂ ಆಗಬಹುದಿತ್ತು, ಕೆಟ್ಟದ್ದೂ ಆಗಬಹುದಿತ್ತು, ನಮ್ಮಲ್ಲಿ ಫಲವೆಂಬುದು ಇರುವ ಹಾಗೆ. ಜಾಬ್ ಎಂಬುದನ್ನು ಜಾನ್ಸನ್ ಪಂಡಿತನು 1755ರ ತನ್ನ ನಿಘಂಟಿನಲ್ಲಿ ಕೀಳುಮಾತೆಂದೇ ಗುರುತಿಸಿ, ಅದರ ವ್ಯುತ್ಪತ್ತಿಯು ತನಗೆ ತಿಳಿಯದೆಂದು ಬಿಟ್ಟುಬಿಟ್ಟನು.

ಟ್ಯಾಲೆಂಟ್ ಎಂಬ ಶಬ್ದದ ವೃತ್ತಾಂತವು ಇವೆಲ್ಲಕ್ಕಿಂತಲೂ ಸ್ವಾರಸ್ಯವಾದುದು. ಮೂಲತಃ ಅದೊಂದು ತೂಕ, ಆ ತೂಕದ ಹಣ. ಮತ್ತಾಯನ ಸುವಾರ್ತೆಯಲ್ಲಿ ಬರುವ ದೃಷ್ಟಾಂತಕಥೆಯೊಂದರಲ್ಲಿ ಯಜಮಾನನು ಪರದೇಶಕ್ಕೆ ಹೊರಡುವಾಗ ಒಬ್ಬ ಸೇವಕನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ಟ್ಯಾಲೆಂಟನ್ನು ಒಪ್ಪಿಸಿ ಹೋಗುತ್ತಾನೆ. ಮೊದಲಿನ ಇಬ್ಬರು ಅದನ್ನು ದ್ವಿಗುಣ ಮಾಡುತ್ತಾರೆ. ಮೂರನೆಯವನು ಭಯದಿಂದ ನೆಲದಲ್ಲಿ ಹೂತಿಟ್ಟು ಬಯ್ಯಿಸಿಕೊಳ್ಳುತ್ತಾನೆ. ಈ ಕಥೆಯಿಂದಲೇ ಆ ಶಬ್ದಕ್ಕೆ ಪ್ರತಿಭೆ ಎಂಬ ಅರ್ಥವು ಬಂದಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ ಆ ಹಣವು ಸೇವಕನದಲ್ಲ. ಅದು ನ್ಯಾಸ, ಒಪ್ಪಿಸಿದವನಿಗೆ ಲೆಕ್ಕ ಹೇಳಬೇಕಾದ ವಸ್ತು. ಇಂದು ನನ್ನ ಟ್ಯಾಲೆಂಟ್ ಎನ್ನುವವನಿಗೆ ಯಜಮಾನನೂ ನೆನಪಿಲ್ಲ, ಲೆಕ್ಕವೂ ನೆನಪಿಲ್ಲ.

ಸಾಮ್ಯುಯೆಲ್ ಸ್ಮೈಲ್ಸನು 1859ರಲ್ಲಿ ಪ್ರಕಟಿಸಿದ ಸೆಲ್ಫ್ ಹೆಲ್ಪ್ ಎಂಬ ಗ್ರಂಥವೇ ಇಂದಿನ ಆತ್ಮೋನ್ನತಿಯ ಪುಸ್ತಕಗಳಿಗೆಲ್ಲ ಹಿರಿಯಣ್ಣನೆನ್ನಬಹುದು. ಆದರೆ ಕೆಲವೇ ವರ್ಷಗಳಲ್ಲಿ, 1866ರ ಮುದ್ರಣದ ಮುನ್ನುಡಿಯಲ್ಲಿ, ಆ ಹೆಸರು ಸರಿಹೋಗಲಿಲ್ಲವೆಂದೂ, ಹೆಸರನ್ನು ಮಾತ್ರ ನೋಡಿದವರು ಇದನ್ನು ಸ್ವಾರ್ಥದ ಸ್ತುತಿಯೆಂದು ತಿಳಿದರೆಂದೂ ಗ್ರಂಥಕರ್ತನೇ ಪೇಚಾಡಿಕೊಂಡನು. ಮುಂದೆ 1943ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞನಾದ ಮ್ಯಾಸ್ಲೋ ಎಂಬಾತನು ಮನುಷ್ಯನ ಅಪೇಕ್ಷೆಗಳನ್ನು ಮೆಟ್ಟಲುಗಳಂತೆ ಜೋಡಿಸಿ, ತುದಿಯಲ್ಲಿ ಸೆಲ್ಫ್ ಆಕ್ಚುವಲೈಸೇಷನ್ ಎಂಬುದನ್ನು ಇಟ್ಟನು. ಇದನ್ನು ನಮ್ಮವರು ಆತ್ಮಸಾಕ್ಷಾತ್ಕಾರವೆಂದು ಭಾಷಾಂತರಿಸುವುದನ್ನು ಕೇಳಿದ್ದೇವೆ. ಇದು ತೀರ ತಪ್ಪು. ಉಪನಿಷತ್ತಿನ ಆತ್ಮಕ್ಕೆ ಕರ್ಮದಿಂದ ವೃದ್ಧಿಯೂ ಇಲ್ಲ, ಕ್ಷಯವೂ ಇಲ್ಲ; ಬೆಳೆಯುವುದಾವುದೋ ಅದು ಆತ್ಮವಲ್ಲ. ಮ್ಯಾಸ್ಲೋ ಹೇಳಿದ್ದು ಗಾಯಕನು ಹಾಡಲೇಬೇಕು, ಚಿತ್ರಕಾರನು ಬರೆಯಲೇಬೇಕು ಎಂಬಂತಹ ಒಳಗಿನ ಒತ್ತಾಯವನ್ನು. ಅದು ಒಳ್ಳೆಯ ವಿಚಾರವೇ. ಅದಕ್ಕೆ ವೇದಾಂತದ ಪೇಟವನ್ನು ಸುತ್ತಬೇಕಾಗಿಲ್ಲ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಇದಕ್ಕೆ ನಮಗೆ ಬೆಳಕು ದೊರೆತದ್ದು ಧರ್ಮಶಾಸ್ತ್ರದಲ್ಲಲ್ಲ, ವ್ಯಾಕರಣದಲ್ಲಿ. ಸಂಸ್ಕೃತವನ್ನು ಓದಿದವರೆಲ್ಲರೂ ಪರಸ್ಮೈಪದ, ಆತ್ಮನೇಪದ ಎಂಬ ಭೇದವನ್ನು ಬಲ್ಲರು. ಉಭಯಪದಿಗಳಾದ ಧಾತುಗಳಲ್ಲಿ, ಕ್ರಿಯೆಯ ಫಲವು ಮಾಡುವವನಿಗೇ ಸೇರುವುದಾದರೆ ಆತ್ಮನೇಪದ, ಇಲ್ಲವಾದರೆ ಪರಸ್ಮೈಪದ ಎಂಬುದು ಪಾಣಿನಿಯ ನಿಯಮ. ತನಗಾಗಿ ಅಡುಗೆ ಮಾಡಿಕೊಳ್ಳುವವನು ಪಚತೇ. ಬೇರೆಯವರಿಗಾಗಿ ಬೇಯಿಸುವವನು ಪಚತಿ. ಸ್ವರ್ಗವನ್ನು ಬಯಸಿದ ಯಜಮಾನನು ಯಜತೇ. ಅವನ ಪರವಾಗಿ ಹೋಮ ಮಾಡುವ ಋತ್ವಿಜನು ಯಜತಿ. ಇಲ್ಲಿ ಒಂದು ಆಕ್ಷೇಪವು ಏಳುವುದು. ಋತ್ವಿಜನಿಗೆ ದಕ್ಷಿಣೆಯು ದೊರೆಯುವುದಿಲ್ಲವೆ? ಅಡುಗೆಯವನಿಗೆ ಸಂಬಳವಿಲ್ಲವೆ? ಅದೂ ಫಲವೇ ಅಲ್ಲವೆ? ಹಾಗಿದ್ದಮೇಲೆ ಅವರಿಗೂ ಆತ್ಮನೇಪದವು ಏಕಾಗಬಾರದು? ಕಾಶಿಕಾವೃತ್ತಿಯು ಇದಕ್ಕೆ ಕೊಡುವ ಸಮಾಧಾನವು ಬಹಳ ಸೂಕ್ಷ್ಮವಾದುದು. ದಕ್ಷಿಣೆಯೂ ಕೂಲಿಯೂ ಮಾಡುವವನಿಗೆ ಸಲ್ಲುವ ಫಲವೆಂಬುದು ನಿಜ. ಆದರೆ ಆ ಕ್ರಿಯೆಯು ಆರಂಭವಾದದ್ದು ಅದಕ್ಕಾಗಿ ಅಲ್ಲ ಎಂದು ಆ ಗ್ರಂಥದ ಅಭಿಪ್ರಾಯ. ಅಡುಗೆಯವನು ಸಂಬಳವನ್ನು ನಂಬಿಯೇ ಬಂದಿರಬಹುದು. ಆದರೆ ಅಡುಗೆ ಎಂಬ ಕ್ರಿಯೆಯು ಲೋಕದಲ್ಲಿ ಹುಟ್ಟಿದ್ದು ಸಂಬಳದ ದೆಸೆಯಿಂದಲ್ಲ, ಹಸಿವಿನ ದೆಸೆಯಿಂದ.

ನಾವು ವಿದ್ಯಾರ್ಥಿಗಳಾಗಿದ್ದಾಗ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದೆವು. ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯರಾಗಿದ್ದ ಬಳಿಕ ಅದರಲ್ಲಿ ಅಡಗಿರುವ ಧರ್ಮವಿಚಾರವು ಸ್ವಲ್ಪ ಮಟ್ಟಿಗೆ ಕಾಣತೊಡಗಿದೆ. ಕೆರಿಯರಿನ ಶಬ್ದಗಳೆಲ್ಲವೂ ಆತ್ಮನೇಪದಿಗಳು. ಸೇತುವೆಯನ್ನು ಕಟ್ಟಿದ ಎಂಜಿನಿಯರನ ವಿಷಯವನ್ನು ಇಂದಿನ ಅರ್ಜಿಯ ಭಾಷೆಯಲ್ಲಿ ಬರೆದರೆ, ಸೇತುವೆಯು ಅವನ ಸಾಧನೆಗಳ ಪಟ್ಟಿಯಲ್ಲಿ ಒಂದು ಪಂಕ್ತಿಯಾಗುವುದು. ಹೊಳೆಯನ್ನು ದಾಟುವ ಜನರು ಆ ಕಾಗದದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಉಪಾಧ್ಯಾಯನ ಗ್ರೋತ್ ಎಂದರೆ ಅವನು ಮುಖ್ಯೋಪಾಧ್ಯಾಯನಾಗುವುದು, ಬಳಿಕ ಇನ್‌ಸ್ಪೆಕ್ಟರನಾಗುವುದು, ಅಂದರೆ ಕ್ರಮಕ್ರಮವಾಗಿ ಪಾಠ ಹೇಳುವುದನ್ನು ಬಿಡುವುದು! ಕೂಲಿಯನ್ನೇ ಕ್ರಿಯೆಯ ಮುಖ್ಯ ಫಲವೆಂದು ಎಣಿಸಿದುದರ ಪರಿಣಾಮವಿದು.

ವೃಧ್ ಧಾತುವು ಆತ್ಮನೇಪದಿಯೇ ಅಲ್ಲವೆ, ವರ್ಧತೇ ಎಂದೇ ರೂಪವಲ್ಲವೆ ಎಂದು ಯಾರಾದರೂ ನಮ್ಮ ಶಸ್ತ್ರವನ್ನು ನಮಗೇ ತಿರುಗಿಸಬಹುದು. ಅಹುದು; ಒಬ್ಬನ ಪರವಾಗಿ ಇನ್ನೊಬ್ಬನು ಬೆಳೆಯಲಾರನು. ಪಾಣಿನಿಯು ವೃದ್ಧಿ ಎಂಬ ಶಬ್ದವನ್ನು ಮಂಗಳಾರ್ಥವಾಗಿ ತನ್ನ ಶಾಸ್ತ್ರದ ಮೊದಲಿಗೇ ಇಟ್ಟನೆಂದು ಪತಂಜಲಿಯು ಹೇಳಿರುವನಷ್ಟೆ. ಬೆಳವಣಿಗೆಯು ಅಮಂಗಳವೆಂದು ನಾವೂ ಹೇಳುತ್ತಿಲ್ಲ. ಆದರೆ ಬೆಳೆದವನಿಗೆ ನಮ್ಮಲ್ಲಿ ಇದ್ದ ಹೆಸರು ವೃದ್ಧನೆಂದು. ಮಾನ್ಯತೆಗೆ ಕಾರಣವಾದುವನ್ನು ಎಣಿಸುವಾಗ ಮನುವು ಹಣವನ್ನು ಎಲ್ಲಕ್ಕಿಂತ ಕೆಳಗೂ, ಅದರ ಮೇಲೆ ಬಂಧುಬಳಗ, ವಯಸ್ಸು, ಕರ್ಮಗಳನ್ನೂ, ವಿದ್ಯೆಯನ್ನು ಎಲ್ಲಕ್ಕಿಂತ ಮೇಲೂ ಇಟ್ಟನು. ಇನ್ನು ನಮ್ಮ ಶರಣರ ಕಥೆಯೊಂದರಲ್ಲಿ ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಹೆಂಡತಿಯಾದ ಲಕ್ಕಮ್ಮನು ಅದನ್ನು ಮನೆಯೊಳಕ್ಕೆ ಸೇರಿಸದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಂದಿನ ಲೆಕ್ಕದಲ್ಲಿ ಮಾರಯ್ಯನದು ಆ ದಿನ ಗ್ರೋತ್. ಲಕ್ಕಮ್ಮನ ಲೆಕ್ಕದಲ್ಲಿ ಅದು ಜಾರುವಿಕೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಲೇಖನವು ಹೊಟ್ಟೆ ತುಂಬಿದವನ ಉಪದೇಶವಾದೀತು. ಫಲವನ್ನು ಬಯಸಬೇಡ, ಕೂಲಿಯು ಮುಖ್ಯವಲ್ಲ ಎಂಬ ಮಾತನ್ನು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತವರು ಕೆಸರಿನಲ್ಲಿ ಬಗ್ಗಿದವರಿಗೆ ಎಷ್ಟು ಕಾಲ ಹೇಳಿದರೆಂಬುದು ಎಲ್ಲರಿಗೂ ತಿಳಿದುದೇ. ಇದಕ್ಕಿಂತಲೂ ಬಲವಾದ ಇನ್ನೊಂದು ಆಕ್ಷೇಪವಿದೆ. ನಮ್ಮ ಭಾಷೆಯಲ್ಲಿ ಕೆರಿಯರಿಗೆ ಸಮನಾದ ಶಬ್ದವು ಹುಟ್ಟಲಿಲ್ಲವೇಕೆ? ಆರಿಸಿಕೊಳ್ಳುವ ಪ್ರಸಕ್ತಿಯೇ ಇರಲಿಲ್ಲ. ಕುಂಬಾರನ ಮಗನು ಕುಂಬಾರನು, ತೋಟಿಯ ಮಗನು ತೋಟಿ. ತಂದೆಯ ಕಸುಬು ತೊಟ್ಟಿಲಿನಲ್ಲಿಯೇ ಕಾದಿದ್ದಿತು. ಜಾತಿಪದ್ಧತಿಯು ಕೆಲಸದ ವಿಭಾಗ ಮಾತ್ರವಲ್ಲ, ಕೆಲಸಗಾರರನ್ನೇ ಬೇರೆಬೇರೆಯಾಗಿ ಒಡೆದಿಡುವ ವಿಭಾಗವೆಂದು ಡಾಕ್ಟರ್ ಅಂಬೇಡ್ಕರರು 1936ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಸ್ವಧರ್ಮವೆಂಬ ಘನವಾದ ಶಬ್ದದ ಮರೆಯಲ್ಲಿ ಅನೇಕ ಬಾಗಿಲುಗಳಿಗೆ ಬೀಗ ಹಾಕಿದ್ದಿತು; ಕೆರಿಯರ್ ಎಂಬ ಒರಟಾದ ಶಬ್ದವು ಅವುಗಳಲ್ಲಿ ಕೆಲವನ್ನು ತೆರೆಯಿತು. ನಮ್ಮ ಶಾಲೆಯಲ್ಲಿಯೇ, ಮನೆಯಲ್ಲಿ ಅಕ್ಷರವೆಂಬುದನ್ನೇ ಕಾಣದ ಹುಡುಗರು ತಮ್ಮದೂ ಒಂದು ಓಟವುಂಟು ಎಂಬುದನ್ನು ಆ ಶಬ್ದದಿಂದಲೇ ಅರಿತುದನ್ನು ನೋಡಿದ್ದೇವೆ. ಅವರ ಮುಂದೆ ವೃತ್ ಧಾತುವಿನ ಮಹಿಮೆಯನ್ನು ವರ್ಣಿಸಲು ನಮಗೆ ಬಾಯಿ ಬಾರದು.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ: ಯಾವ ಕೆಲಸವನ್ನು ಹಿಡಿಯಬೇಕೆಂದು ಆರಿಸುವ ತನಕ ಇಂಗ್ಲಿಷಿನ ಶಬ್ದವು ನಮಗೆ ಉಪಕಾರಿ, ಹಿಡಿದ ಕೆಲಸವು ಯಾರಿಗಾಗಿ ಎಂದು ಕೇಳುವಾಗ ವೈಯಾಕರಣನ ಭೇದವು ಉಪಕಾರಿ. ಕಾಶಿಕಾಕಾರರು ಕೂಲಿಯನ್ನು ಫಲವಲ್ಲವೆಂದು ಅನ್ನಲಿಲ್ಲವೆಂಬುದನ್ನೂ ಮರೆಯಲಾಗದು.

ಕಡೆಯದಾಗಿ ಇಂಟರ್‌ವ್ಯೂ ಎಂಬ ಸಂದರ್ಶನದ ವಿಚಾರ. ಅಲ್ಲಿ ನಿನ್ನ ಶಕ್ತಿಗಳೇನು, ನೀನು ಸಾಧಿಸಿದ್ದೇನು ಎಂದು ಕೇಳುವರು. ಉತ್ತರವು ಆತ್ಮಪ್ರಶಂಸೆಯೇ ಆಗಬೇಕು. ಕರ್ಣಪರ್ವದಲ್ಲಿ ಗಾಂಡೀವವನ್ನು ಹಳಿದ ಧರ್ಮರಾಜನ ಮೇಲೆ ಕತ್ತಿ ಹಿರಿದ ಅರ್ಜುನನು, ಬಳಿಕ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಆತ್ಮಹತ್ಯೆಗೆ ಅದೇ ಸಮವೆಂದು ಕೃಷ್ಣನು ಉಪಾಯ ಹೇಳಿದ ಪ್ರಸಂಗವನ್ನು ಕೇಳಿ ಬೆಳೆದ ಮಕ್ಕಳಿಗೆ ಅಲ್ಲಿ ನಾಲಗೆ ಏಳದಿದ್ದರೆ ಆಶ್ಚರ್ಯವೇನು? (ರನ್ನನಿಗೆ ಈ ಸಂಕೋಚವಿರಲಿಲ್ಲವೆಂಬುದು ಬೇರೆ ಮಾತು, ಕವಿಗಳ ಲೆಕ್ಕವೇ ಬೇರೆ.) ನಮ್ಮ ಬಳಿಗೆ ಇಂಗ್ಲಿಷನ್ನು ತಿದ್ದಿಸಿಕೊಳ್ಳಲು ಬರುವವರಿಗೆ ನಾವು ಹೇಳುವುದಿಷ್ಟೆ: ನೀನು ಎಂಥವನೆಂದು ಹೇಳಬೇಡ, ಏನು ಮಾಡಬಲ್ಲೆ ಎಂದು ಹೇಳು. ಮೊದಲನೆಯದು ಹೊಗಳಿಕೆ; ಎರಡನೆಯದು ಸಮಾಚಾರ.

ಹೋದ ವರ್ಷ ನಮ್ಮ ಬೀದಿಯಲ್ಲಿ ದಾದಿಯ ಶಿಕ್ಷಣವನ್ನು ಮುಗಿಸಿದ ಹುಡುಗಿಯೊಬ್ಬಳು ಇದಕ್ಕಾಗಿ ಬಂದಿದ್ದಳು. ಐದು ವರ್ಷಗಳ ಬಳಿಕ ನಿನ್ನನ್ನು ನೀನು ಎಲ್ಲಿ ಕಾಣುತ್ತೀಯೆ ಎಂಬ ಪ್ರಶ್ನೆಯು ತಪ್ಪದೆ ಬರುವುದಂತೆ. ಮುದ್ರಿತ ಪುಸ್ತಕದಲ್ಲಿದ್ದ ಉತ್ತರವನ್ನು, ಅಂದರೆ ಮುಂದಾಳುತನ, ಬೆಳವಣಿಗೆ, ಉನ್ನತ ಸ್ಥಾನ ಎಂಬುದನ್ನೆಲ್ಲ, ಗಿಳಿಪಾಠದಂತೆ ಒಪ್ಪಿಸಿದಳು. ಅದನ್ನು ಬಿಟ್ಟು ನಿನಗೆ ಏನು ಬೇಕಮ್ಮ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳೆಯ ಮಗುವಾದರೂ ಒಂದೇ ಸಲಕ್ಕೆ ನರ ಸಿಗುವ ಹಾಗೆ ಸೂಜಿ ಹಾಕುವುದು ಕೈಗೆ ಬರಬೇಕು ಮೇಷ್ಟರೇ, ಈಗ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ, ಮಗು ಚೀರುತ್ತದೆ" ಎಂದಳು. ಅದನ್ನೇ ಇಂಗ್ಲಿಷಿನಲ್ಲಿ ಬರೆಯಿಸಿದೆವು. ಆ ನರಕ್ಕೆ ಇಂಗ್ಲಿಷಿನಲ್ಲಿ ಏನೆನ್ನುವರೆಂಬುದು ಅವಳಿಗೆ ತಿಳಿದಿದ್ದಿತು. ನಾವು ನಿಘಂಟನ್ನು ನೋಡಬೇಕಾಯಿತು. ಹೊರಡುವ ಮುಂಚೆ, ಸಂಬಳವೆಷ್ಟೆಂದು ಮರ್ಯಾದೆಯಿಂದ ಕೇಳುವ ವಾಕ್ಯವನ್ನೂ ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಹೋದಳು.