ಉಳಿಸಿದ ನಿಮಿಷಗಳು ಯಾರವು?

ನಮ್ಮ ಸ್ಟಾಫ್ ರೂಮಿನಲ್ಲಿ ನನಗೊಂದು ಅಡ್ಡಹೆಸರಿದೆ. ‘ಗಡಿಯಾರ’ ಅಂತ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಬೆನ್ನ ಹಿಂದೆ ಆಡಿದ ಮಾತು ಕಿವಿಗೆ ಬೀಳದಷ್ಟು ದೊಡ್ಡ ಕೋಣೆ ನಮ್ಮದಲ್ಲ. ನಿಜ ಹೇಳಬೇಕೆಂದರೆ ಆ ಹೆಸರು ಕೇಳಿ ನನಗೆ ಬೇಸರವಾಗಿರಲಿಲ್ಲ, ಒಳಗೊಳಗೇ ಹೆಮ್ಮೆಯಾಗಿತ್ತು.

ಮನೆ, ಮಕ್ಕಳು, ಅತ್ತೆ-ಮಾವ, ಶಾಲೆ ಎಲ್ಲವನ್ನೂ ತೂಗಿಸಿಕೊಂಡು ಹೋಗುವ ಹೆಂಗಸಿಗೆ ಸಮಯವೇ ದೊಡ್ಡ ಆಸ್ತಿ ಎಂದು ನಂಬಿದವಳು ನಾನು. ರಾತ್ರಿ ಮಲಗುವ ಮುಂಚೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಾಳೆಯ ಕೆಲಸಗಳನ್ನು ಬರೆದಿಡುವುದು, ತರಕಾರಿ ಹೆಚ್ಚಿ, ಕಾಳು ನೆನೆಹಾಕಿಯೇ ಅಡುಗೆಮನೆಯ ದೀಪ ಆರಿಸುವುದು, ಮನಸ್ಸಿಗೆ ಒಗ್ಗದ ಕೆಲಸವನ್ನು ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮುಗಿಸಿಬಿಡುವುದು, ಒಂದು ಕೆಲಸ ಹಿಡಿದಾಗ ಇನ್ನೊಂದಕ್ಕೆ ಕೈ ಹಾಕದಿರುವುದು. ಮೊಬೈಲ್ ಬಂದ ಮೇಲೆ, ಶಾಲೆಯಲ್ಲಿ ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯದಿರುವುದೂ ಈ ಪಟ್ಟಿಗೆ ಸೇರಿತು. ಇವನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಸಂಸಾರವೇ ಕಲಿಸಿತು.

ಲೀಷರ್ ಪೀರಿಯಡ್ ಎಂದರೆ ನನಗೆ ಹರಟೆಯ ಹೊತ್ತಲ್ಲ, ನೋಟ್ಸ್ ತಿದ್ದುವ ಹೊತ್ತು. ಲೆಕ್ಕವನ್ನೂ ಹಾಕಿಟ್ಟಿದ್ದೆ. ಒಂದು ಪುಸ್ತಕಕ್ಕೆ 2 ನಿಮಿಷ, 40 ನಿಮಿಷದ ಪೀರಿಯಡ್ಡಿಗೆ 20 ಪುಸ್ತಕ. ಒಂಬತ್ತನೇ ತರಗತಿಯ 54 ಮಕ್ಕಳ ಪುಸ್ತಕ ಮೂರು ಪೀರಿಯಡ್ಡಿನಲ್ಲಿ ಮುಗಿಯಬೇಕು. ಒಂದೇ ಷರತ್ತು: ನಡುವೆ ಯಾರೂ ಮಾತಾಡಿಸಬಾರದು.

ಆರೇಳು ವರ್ಷದ ಹಿಂದೆ, ದಸರಾ ರಜೆಗೆ ಇನ್ನೊಂದು ವಾರವಿದ್ದಾಗ, ಆ ತರಗತಿಯ ಹುಡುಗಿಯೊಬ್ಬಳು ಬಾಗಿಲ ಹತ್ತಿರ ಬಂದು ನಿಂತಳು.

“ಮಿಸ್, ಒಂದ್ ಮಾತು ಹೇಳ್ಬೇಕಿತ್ತು.”

“ಏನು, ಬೇಗ ಹೇಳು,” ಅಂದೆ. ತಲೆ ಎತ್ತಲಿಲ್ಲ. ಕೆಂಪು ಪೆನ್ನು ಓಡುತ್ತಲೇ ಇತ್ತು.

ಸ್ವಲ್ಪ ಹೊತ್ತು ನಿಂತಳು. “ಏನಿಲ್ಲ ಮಿಸ್, ನಾಳೆ ಹೇಳ್ತೀನಿ,” ಅಂತ ಹೊರಟುಹೋದಳು. ಆ ಪೀರಿಯಡ್ಡಿನಲ್ಲಿ ನನ್ನ 20 ಪುಸ್ತಕಗಳು ಮುಗಿದವು.

ಮಾರನೆಯ ದಿನ ಅವಳು ಬರಲಿಲ್ಲ. ನಾನೂ ಕರೆದು ಕೇಳಲಿಲ್ಲ. ರಜೆ ಮುಗಿದ ಮೇಲೆ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ದಿನಾ ಗೈರುಹಾಜರಿ ಹಾಕುತ್ತಾ ಹೋದೆ. ರಾಜ್ಯೋತ್ಸವವೂ ಕಳೆದ ಮೇಲೆ ಅವಳ ಮನೆ ಹುಡುಕಿಕೊಂಡು ಹೋದರೆ, ಹುಡುಗಿಯನ್ನು ಬೆಂಗಳೂರಿನಲ್ಲಿ ಚಿಕ್ಕಮ್ಮನ ಕೂಸು ನೋಡಿಕೊಳ್ಳಲು ಕಳಿಸಿಬಿಟ್ಟಿದ್ದರು. ಮಂಡಿಯಲ್ಲಿ ಹಮಾಲಿ ಮಾಡುವ ಅವಳ ತಂದೆ ನನಗೆ ಕುರ್ಚಿ ಹಾಕಿ, ನಿಂತುಕೊಂಡೇ ಹೇಳಿದರು: “ನಮ್ ಮಿಸ್ ಕೈಲಿ ಹೇಳಿಸ್ತೀನಿ, ನನ್ನ ಕಳಿಸ್ಬೇಡಿ ಅಂತಿದ್ಲು. ನೀವು ಬರಲಿಲ್ಲ. ಹಂಗಾದ್ರೆ ನೀವೂ ಒಪ್ಪಿರ್ಬೇಕು ಅಂದ್ಕೊಂಡ್ವಿ.”

ಮುಖ್ಯೋಪಾಧ್ಯಾಯಿನಿಯವರನ್ನು ಕರೆದುಕೊಂಡು ಮತ್ತೆರಡು ಸಲ ಹೋದೆ. ಜೂನ್ ತಿಂಗಳಿಗೆ ಕರೆಸುತ್ತೇವೆ ಅಂದರು. ಜೂನ್ ಬಂತು, ಅವಳು ಬರಲಿಲ್ಲ.

ಅವತ್ತು ಪೆನ್ನು ಕೆಳಗಿಟ್ಟಿದ್ದರೆ ಅವಳ ಓದು ಉಳಿಯುತ್ತಿತ್ತೇ? ಗೊತ್ತಿಲ್ಲ. ಬಡತನದ ಮುಂದೆ ಟೀಚರ್ ಮಾತು ಎಷ್ಟು ನಡೆಯುತ್ತದೆ? ಹೀಗೆಂದು ಸಮಾಧಾನ ಹೇಳಿಕೊಳ್ಳಲು ನೋಡಿದ್ದೇನೆ. ಸಮಾಧಾನ ಮಾತ್ರ ಆಗಿಲ್ಲ.

ಹಾಗೆಂದು ಅಚ್ಚುಕಟ್ಟುತನವೇ ತಪ್ಪು ಎಂದು ನಾನು ಹೇಳಲಾರೆ. ದಿನವೆಲ್ಲ ಹರಟೆ ಹೊಡೆದು ಪುಸ್ತಕ ತಿದ್ದದೆ ಬಿಟ್ಟರೆ ಅದರ ನಷ್ಟವೂ ಮಕ್ಕಳಿಗೇ. ಶಿಸ್ತಿಲ್ಲದೆ ಹೋದರೆ ಮನೆಯೂ ನಡೆಯದು, ಶಾಲೆಯೂ ನಡೆಯದು. ಇದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾನು ಉಳಿಸಿದೆ ಉಳಿಸಿದೆ ಎಂದು ಬೀಗುತ್ತಿದ್ದ ಆ ನಿಮಿಷಗಳು ನಿಜಕ್ಕೂ ಯಾರವು?

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೋ! ಕಲ್ಯಾಣದ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಾವಾಗಿದ್ದರೆ, “ಪರವಾಗಿಲ್ಲ, ಇವತ್ತು ಒಳ್ಳೇ ಕೆಲಸ ಆಗಿದೆ” ಎಂದು ಡಬ್ಬಕ್ಕೆ ಸುರಿಯುತ್ತಿದ್ದೆವು. ಲಕ್ಕಮ್ಮ ಮಾತ್ರ ಅದು ಆಸೆಯ ಅಕ್ಕಿ ಎಂದು ಗುರುತಿಸಿ, ಹೆಚ್ಚಾದದ್ದನ್ನು ತಂದಲ್ಲೇ ಹಾಕಿ ಬರಲು ಗಂಡನನ್ನು ಹಿಂದಕ್ಕೆ ಕಳಿಸಿದಳು. ಕಾಯಕದ ಬಗ್ಗೆ ಭಾಷಣ ಮಾಡುವಾಗ ನಾವೆಲ್ಲ ದುಡಿಮೆಯನ್ನು ಹೊಗಳುತ್ತೇವೆ. ದುಡಿಮೆಗೂ ಒಂದು ಅಳತೆ ಇದೆ ಎಂದ ಆ ಹೆಣ್ಣುಮಗಳನ್ನು ಮರೆತೇಬಿಡುತ್ತೇವೆ.

ಆ 20 ಪುಸ್ತಕಗಳಲ್ಲಿ ಕೊನೆಯ ಐದು ನನ್ನ ಆಸೆಯ ಅಕ್ಕಿ. ಬಾಗಿಲಲ್ಲಿ ನಿಂತವಳಿಗೆ ಸೇರಬೇಕಾದ ಹತ್ತು ನಿಮಿಷವನ್ನು ಆಯ್ದುಕೊಂಡು ನನ್ನ ಮಡಿಲಿಗೆ ಹಾಕಿಕೊಂಡಿದ್ದೆ. ಮನೆಯ ಕಡೆ ತಿರುಗಿ ನೋಡಿದರೆ ಅಲ್ಲಿಯೂ ಅಷ್ಟೇ. ನಾನು ಸರಿಯಾದ ಹೊತ್ತಿಗೆ ಶಾಲೆ ಮುಟ್ಟಿದ ಎಷ್ಟೋ ದಿನಗಳ ಹಿಂದೆ, ಮಂಡಿನೋವಿನಲ್ಲೂ ನನ್ನ ಮಕ್ಕಳಿಗೆ ಜಡೆ ಹಾಕಿ, ಊಟ ಮಾಡಿಸಿ ಕಳಿಸಿದ ಅತ್ತೆಯವರ ಬೆಳಗುಗಳಿವೆ. ‘ನಿಮ್ಮ ಸೊಸೆ ಎಷ್ಟು ಚುರುಕು’ ಎಂದು ಬಂದವರು ಹೇಳಿದಾಗ ಅವರು ಸುಮ್ಮನೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ದಿನವಾದರೂ ಅವರ ಪಾಲನ್ನು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ಈಗಲೂ ರಾತ್ರಿ ಪಟ್ಟಿ ಬರೆಯುತ್ತೇನೆ. ಆದರೆ ನಡುವೆ ಒಂದು ಸಾಲು ಖಾಲಿ ಬಿಡುತ್ತೇನೆ. ಲೀಷರ್ ಪೀರಿಯಡ್ಡಿನಲ್ಲಿ 15 ಪುಸ್ತಕ ಮುಗಿದ ಕೂಡಲೇ ಪೆನ್ನಿನ ಮುಚ್ಚಳ ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂರುತ್ತೇನೆ. ಬಹಳ ದಿನ ಯಾರೂ ಬರುವುದಿಲ್ಲ. ಮೊದಮೊದಲು ಕೈ ತಾನಾಗಿಯೇ ಪುಸ್ತಕದ ಕಡೆ ಹೋಗುತ್ತಿತ್ತು. ಸುಮ್ಮನೆ ಕೂರುವುದನ್ನೂ ಈ ವಯಸ್ಸಿನಲ್ಲಿ ಅಭ್ಯಾಸ ಮಾಡಬೇಕಾಯಿತು.

ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು ನಿಂತಳು. “ಏನಮ್ಮಾ?” ಅಂದೆ. “ಏನಿಲ್ಲ ಮಿಸ್, ಸುಮ್ನೆ,” ಅಂದಳು. “ಸುಮ್ನೆ ಆದ್ರೂ ಪರವಾಗಿಲ್ಲ, ಬಾ, ಕೂತ್ಕೋ,” ಎಂದು ಪಕ್ಕದ ಕುರ್ಚಿ ಎಳೆದೆ.

ಉಳಿದ ಐದು ಪುಸ್ತಕಗಳನ್ನು ಅವತ್ತು ಮನೆಗೆ ಹೊತ್ತುಕೊಂಡು ಬಂದೆ.